ಟಿಕೆಟ್ ಆಗಿದೆ, ಟೆಸ್ಟಲ್ಲಿ ಎರಡು ಗೆರೆ ಬಂದಿದೆ, ಈಗ ಏನು ಮಾಡೋದು?

ಮೈಸೂರಿನಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ ಆಫೀಸ್ ಇದೆ. ವಿಮಾನ, ರೈಲು, ವೀಸಾ, ಪ್ಯಾಕೇಜ್ ಟೂರ್, ಎಲ್ಲಾ ಮಾಡಿಕೊಡುತ್ತೇನೆ. ಈ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಎಷ್ಟೋ ಮನೆಗಳಲ್ಲಿ ಸೊಸೆ ಬಸುರಿ ಅನ್ನೋ ಸುದ್ದಿ ಅತ್ತೆಗಿಂತ ಮೊದಲು ನನಗೆ ಗೊತ್ತಾಗುತ್ತದೆ. ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್ ಬರುತ್ತದೆ. "ಮೇಡಂ, ಯಾರಿಗೂ ಹೇಳಬೇಡಿ. ಈಗಷ್ಟೇ ಗೊತ್ತಾಯ್ತು. ಮುಂದಿನ ತಿಂಗಳು ಟಿಕೆಟ್ ಇದೆಯಲ್ಲ, ಫ್ಲೈಟ್ ಹತ್ತಬಹುದಾ? ಕ್ಯಾನ್ಸಲ್ ಮಾಡಿದರೆ ಎಷ್ಟು ಹೋಗುತ್ತೆ?"

ಬರೆಯುವ ಮೂವರಲ್ಲಿ ಇಬ್ಬರಿಗೆ ಸಂತೋಷ ಆಗಿದೆಯೋ ಗಾಬರಿ ಆಗಿದೆಯೋ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ನನ್ನ ಮೊದಲ ಉತ್ತರ ಯಾವಾಗಲೂ ಒಂದೇ: ಇವತ್ತು ಏನೂ ಕ್ಯಾನ್ಸಲ್ ಮಾಡಬೇಡಿ, ಮಲಗಿ.

ನಾನು ಡಾಕ್ಟರ್ ಅಲ್ಲ. ಆದರೆ ಇದೇ ಪ್ರಶ್ನೆ ಹೊತ್ತು ಬಂದವರು ಡಾಕ್ಟರ ಹತ್ತಿರ ಹೋಗಿ ಬಂದು ನನಗೆ ಹೇಳಿದ್ದನ್ನೆಲ್ಲ ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡಿದ್ದೇನೆ. ಎಲ್ಲರೂ ಹೆದರುವುದು ವಿಮಾನಕ್ಕೆ. ನನ್ನ ಪ್ರಕಾರ ಯೋಚನೆ ಮಾಡಬೇಕಾದ್ದು ಇಳಿಯೋ ಊರಿನ ಬಗ್ಗೆ. ವಿಮಾನ ಹತ್ತಿದ್ದಕ್ಕೆ ಅಬಾರ್ಷನ್ ಆಗುವುದಿಲ್ಲ. ತೊಂದರೆ ಏನೂ ಇಲ್ಲದ ಬಸುರಿ 36 ವಾರದವರೆಗೆ ಆಗೊಮ್ಮೆ ಈಗೊಮ್ಮೆ ವಿಮಾನದಲ್ಲಿ ಹೋಗಿ ಬರಬಹುದು ಅಂತ ಅಮೆರಿಕದ ಹೆರಿಗೆ ತಜ್ಞರ ಸಂಘವೇ ಹೇಳುತ್ತದೆ. ನಾಲ್ಕು ಗಂಟೆಗಿಂತ ಜಾಸ್ತಿ ಕೂರುವುದಾದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಆಗಾಗ ಎದ್ದು ಓಡಾಡಬೇಕು, ನೀರು ಕುಡಿಯುತ್ತಿರಬೇಕು. ಅದಕ್ಕೇ ಅವರಿಗೆ ನಾನು ಕಿಟಕಿ ಸೀಟು ಕೊಡುವುದಿಲ್ಲ, ಎಷ್ಟು ಕೇಳಿದರೂ. ಬೆಲ್ಟನ್ನು ಹೊಟ್ಟೆಯ ಕೆಳಗೆ ಬರುವ ಹಾಗೆ ಕಟ್ಟಿಕೊಳ್ಳಿ. ವಿಮಾನದ ಕಥೆ ಇಷ್ಟೇ.

ಟಿಕೆಟ್ ವಿಷಯಕ್ಕೆ ಕೈ ಹಾಕುವ ಮೊದಲು ಒಂದು ಸ್ಕ್ಯಾನ್ ಆಗಲಿ. ಮನೆಯಲ್ಲಿ ಮಾಡುವ ಟೆಸ್ಟ್ ಬಸುರು ಹೌದೋ ಅಲ್ಲವೋ ಅಂತ ಹೇಳುತ್ತದೆ, ಎಲ್ಲಿ ನಿಂತಿದೆ ಅಂತ ಹೇಳುವುದಿಲ್ಲ. ನೂರರಲ್ಲಿ ಒಂದೆರಡು ಸಲ ಅದು ಗರ್ಭಕೋಶದ ಹೊರಗೆ, ಸಾಮಾನ್ಯವಾಗಿ ಗರ್ಭಕೋಶಕ್ಕೆ ಅಂಡ ಬರುವ ನಳಿಕೆಯಲ್ಲೇ ನಿಂತುಬಿಡುತ್ತದೆ. ಎಕ್ಟೋಪಿಕ್ ಅನ್ನುತ್ತಾರೆ. ಆರರಿಂದ ಎಂಟನೇ ವಾರದ ಹೊತ್ತಿಗೆ ನಳಿಕೆ ಒಡೆದರೆ ಹೊಟ್ಟೆಯೊಳಗೇ ರಕ್ತ ಹೋಗುತ್ತದೆ, ತಕ್ಷಣ ಆಪರೇಷನ್ ಆಗಬೇಕು. ಮೈಸೂರಿನಲ್ಲಿ ಆದರೆ ಆಟೋ ಹತ್ತಿ ಆಸ್ಪತ್ರೆಗೆ ಹೋಗಬಹುದು. ಹಿಮಾಚಲದ ಸ್ಪಿತಿ ಕಣಿವೆಯ ಹೋಂಸ್ಟೇನಲ್ಲಿ ಆದರೆ? ಆರೇಳು ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಿದರೆ ಮಗು ಎಲ್ಲಿದೆ, ಎದೆಬಡಿತ ಬಂದಿದೆಯಾ ಅಂತ ಗೊತ್ತಾಗುತ್ತದೆ. ಅದೇ ದಿನ ನಿಮ್ಮ ರಕ್ತದ ಗುಂಪನ್ನೂ ತಿಳಿದುಕೊಳ್ಳಿ. ನೆಗೆಟಿವ್ ಆಗಿದ್ದರೆ, ಪ್ರವಾಸದಲ್ಲಿ ರಕ್ತ ಕಾಣಿಸಿಕೊಂಡಾಗ, ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದ ಹಾಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ಅಲ್ಲಿನ ಡಾಕ್ಟರಿಗೆ ಮೊದಲು ಬೇಕಾಗುವ ಮಾಹಿತಿ ಅದೇ.

ಆಮೇಲೆ ಕ್ಯಾಲೆಂಡರ್. ಇಲ್ಲಿ ಎಲ್ಲರಿಗೂ ಲೆಕ್ಕ ತಪ್ಪುತ್ತದೆ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮತ್ತೆ ನೋಡಬೇಕಾದ್ದು ಹೊರಡುವ ತಾರೀಕಲ್ಲ, ವಾಪಸ್ ಬರುವ ತಾರೀಕು. ಏಪ್ರಿಲ್ 1ಕ್ಕೆ ಮುಟ್ಟಾಗಿದ್ದವರು ಅಂತಿಟ್ಟುಕೊಳ್ಳಿ. ಜನವರಿ 6ಕ್ಕೆ ದಿನ ತುಂಬುತ್ತದೆ. ಜೂನ್ 10ಕ್ಕೆ ಹೊರಟರೆ 10 ವಾರ, ವಾಂತಿ ಜೋರಾಗಿರುವ ಸಮಯ. ಅದೇ ಪ್ರವಾಸವನ್ನು ದಸರಾ ರಜೆಗೆ ತಳ್ಳಿ ಅಕ್ಟೋಬರ್ 15ಕ್ಕೆ ಹೊರಟು 30ಕ್ಕೆ ಬಂದರೆ, ಹೋಗುವಾಗ 28 ವಾರ, ಬರುವಾಗ 30. ಬಹಳಷ್ಟು ಏರ್‌ಲೈನ್‌ಗಳು 28 ವಾರ ದಾಟಿದ ಮೇಲೆ ಡಾಕ್ಟರ ಪತ್ರ ಕೇಳುತ್ತವೆ, ಕೆಲವು 32ರ ನಂತರ. ಅವಳಿ ಮಕ್ಕಳಾದರೆ ಬಾಗಿಲು ಇನ್ನೂ ಬೇಗ ಮುಚ್ಚುತ್ತದೆ, ಸಾಮಾನ್ಯವಾಗಿ 32 ವಾರಕ್ಕೆ. ಮತ್ತೆ ಆ ಪತ್ರ ಹೊಸದಾಗಿರಬೇಕು. ಹೋಗುವಾಗ ತಗೊಂಡ ಪತ್ರ ಬರುವಾಗ ಹಳೆಯದಾಗಿರುತ್ತದೆ, ಕೌಂಟರಿನಲ್ಲಿ ತಕರಾರು ಶುರು. ಎಷ್ಟು ವಾರ, ಒಂದೇ ಮಗುವೋ ಅವಳಿಯೋ, ದಿನ ತುಂಬುವುದು ಯಾವಾಗ, ಪ್ರಯಾಣ ಮಾಡಬಹುದು ಅನ್ನೋ ಒಂದು ಸಾಲು, ಸಹಿ, ಸೀಲು, ತಾರೀಕು. ಇಷ್ಟು ಇರಲಿ. ಹೊಟ್ಟೆ ಚಿಕ್ಕದಿದ್ದರೆ ಕೇಳಲ್ಲ ಬಿಡಿ ಅಂತ ಸಲಹೆ ಕೊಡುವ ಅಕ್ಕಪಕ್ಕದವರು ನಿಮ್ಮ ಜೊತೆ ಕೌಂಟರಿಗೆ ಬರುವುದಿಲ್ಲ.

14ರಿಂದ 28ನೇ ವಾರದ ನಡುವೆ ಓಡಾಡುವುದು ಆರಾಮು. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಭಾರ ಆಗಿರುವುದಿಲ್ಲ. ಹಾಗಾಗಿ ಕ್ಯಾನ್ಸಲ್ ಮಾಡುವ ಬದಲು ಈ ಅವಧಿಗೆ ಡೇಟ್ ಬದಲಾಯಿಸಲು ಆಗುತ್ತಾ ಅಂತ ಮೊದಲು ನೋಡುತ್ತೇನೆ.

ಇನ್ನು ಊರಿನ ವಿಷಯ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಮೈಸೂರು 800 ಮೀಟರೂ ಇಲ್ಲ. ದಿಲ್ಲಿಯಿಂದ ವಿಮಾನದಲ್ಲಿ ಒಂದೂವರೆ ಗಂಟೆಯಲ್ಲಿ ಅಲ್ಲಿ ಇಳಿದುಬಿಟ್ಟರೆ ಗಟ್ಟಿಮುಟ್ಟಾದವರಿಗೇ ತಲೆ ಸಿಡಿಯುತ್ತದೆ. ಬೇರೆಯವರು ಅದಕ್ಕೆ ಡಯಾಮಾಕ್ಸ್ ಮಾತ್ರೆ ನುಂಗುತ್ತಾರೆ. ಮೊದಲ ಮೂರು ತಿಂಗಳು ಡಾಕ್ಟರುಗಳು ಅದನ್ನು ಬೇಡ ಅನ್ನುತ್ತಾರೆ. ವಾಂತಿ ಆದರೆ ಬಸುರಿನದೋ ಎತ್ತರದ್ದೋ ಗೊತ್ತಾಗುವುದಿಲ್ಲ. ಲೇಹ್ ಟಿಕೆಟ್ ಇದ್ದವರಿಗೆ ನಾನು ಬೇಡ ಅಂತಲೇ ಹೇಳುವುದು. ಲಡಾಖ್ ಎಲ್ಲೂ ಓಡಿ ಹೋಗುವುದಿಲ್ಲ.

ಅಮರನಾಥ ಯಾತ್ರೆಗೆ ಹೊರಟವರಿಗೆ ನಾನು ಹೇಳಬೇಕಾಗಿಯೇ ಇಲ್ಲ, ನಿಯಮವೇ ಇದೆ. ಆರು ವಾರ ದಾಟಿದ ಬಸುರಿಯರನ್ನು ಯಾತ್ರೆಗೆ ಬಿಡುವುದಿಲ್ಲ ಅಂತ ಶ್ರೈನ್ ಬೋರ್ಡ್ ಹೇಳಿದೆ. ಗುಹೆ ಇರುವುದು 3,888 ಮೀಟರ್ ಎತ್ತರದಲ್ಲಿ. ಆರು ವಾರ ಅಂದರೆ ಮುಟ್ಟು ತಪ್ಪಿ ಎರಡು ವಾರ ಅಷ್ಟೇ, ಎಷ್ಟೋ ಜನಕ್ಕೆ ಅಷ್ಟರಲ್ಲಿ ಗೊತ್ತೇ ಆಗಿರುವುದಿಲ್ಲ. ಹೆಲ್ತ್ ಸರ್ಟಿಫಿಕೇಟ್ ಮಾಡಿಸಿದ ಮೇಲೆ ಗೊತ್ತಾದರೆ ಜೇಬಿನಲ್ಲಿ ಸರ್ಟಿಫಿಕೇಟ್ ಇದೆಯಲ್ಲ ಅಂತ ಹೊರಟುಬಿಡುವವರೂ ಇದ್ದಾರೆ. ದಯವಿಟ್ಟು ಬೇಡ. ಶಿವ ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ.

ಕೀನ್ಯಾ ಇನ್ನೊಂದು ತಲೆನೋವು. ನಮ್ಮ ಕಡೆ ಕ್ಯಾಮೆರಾ ಹಿಡಿದ ಪ್ರತಿಯೊಬ್ಬರಿಗೂ ಒಂದು ಸಲ ಮಸಾಯಿ ಮಾರಾಗೆ ಹೋಗಬೇಕು. ಅಲ್ಲಿಂದ ವಾಪಸ್ ಬರುವಾಗ ಭಾರತದಲ್ಲಿ ಹಳದಿ ಜ್ವರದ ಲಸಿಕೆ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಕಾರ್ಡ್ ಚಾಲ್ತಿಗೆ ಬರುತ್ತದೆ. ಆ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮೇಲಿಂದ ಮಲೇರಿಯಾ. ಬಸುರಿಗೆ ಮಲೇರಿಯಾ ಬಂದರೆ ಬೇರೆಯವರಿಗಿಂತ ಜೋರಾಗಿ ಬರುತ್ತದೆ. ಸಿಂಹ ನೋಡಲು ಇನ್ನೊಂದು ವರ್ಷ ಕಾಯಬಹುದು. ಅದೇ ಸಿಂಗಾಪುರ, ದುಬೈ, ಕೇರಳ ಅಂದರೆ ಡಾಕ್ಟರ್ ಒಪ್ಪಿದರೆ ನನ್ನದೇನೂ ಅಡ್ಡಿ ಇಲ್ಲ. ಆಸ್ಪತ್ರೆಗಳಿವೆ. ಸಿಂಗಾಪುರದಲ್ಲಿ ಬಿಲ್ ನೋಡಿ ತಲೆ ತಿರುಗಬಹುದು, ಅದು ಬೇರೆ. ನಮ್ಮಲ್ಲಿ ಮಾರುವ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬಸುರು, ಹೆರಿಗೆಯ ಖರ್ಚು ಸಾಮಾನ್ಯವಾಗಿ ಸೇರಿರುವುದೇ ಇಲ್ಲ. ಕೆಲವು ಪಾಲಿಸಿಗಳು ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ ಕೊಡುತ್ತವೆ. 'ಎಕ್ಸ್‌ಕ್ಲೂಷನ್ಸ್' ಅಂತ ಇರೋ ಪುಟ ತೆಗೆದು ಓದಿ. ಯಾರೂ ಓದುವುದಿಲ್ಲ, ಗೊತ್ತು.

ದುಡ್ಡಿನ ವಿಷಯಕ್ಕೆ ಬಂದೆ. ರೀಫಂಡಬಲ್ ಅಲ್ಲ ಅಂತ ಟಿಕೆಟ್ ಮೇಲೆ ಬರೆದಿದ್ದರೆ ಜನ ಕೈಬಿಟ್ಟು ಸುಮ್ಮನಾಗುತ್ತಾರೆ. ಹಾಗೆ ಬಿಡಬೇಡಿ. ನಮ್ಮ ದೇಶದಲ್ಲಿ ಅಂಥ ಟಿಕೆಟ್ ರದ್ದು ಮಾಡಿದರೂ ಟ್ಯಾಕ್ಸ್ ಮತ್ತು ಏರ್‌ಪೋರ್ಟ್ ಶುಲ್ಕ ವಾಪಸ್ ಕೊಡಬೇಕು ಅಂತ ವಿಮಾನ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ಕೇಳಿದರೆ ಬರುತ್ತದೆ. ಗಂಡ, ಹೆಂಡತಿ, ಅತ್ತೆ, ಮಾವ ಎಲ್ಲರದ್ದೂ ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಮೊದಲು ಅದನ್ನು ಸ್ಪ್ಲಿಟ್ ಮಾಡಿಸಿ. ಇಲ್ಲದಿದ್ದರೆ ಒಬ್ಬರ ತಾರೀಕು ಬದಲಾಯಿಸಲು ಹೋಗಿ ಎಲ್ಲರ ಟಿಕೆಟ್ಟೂ ಸಿಕ್ಕಿಕೊಳ್ಳುತ್ತದೆ. ಹೋಟೆಲಿನವರು ಯಾವ ದಿನದವರೆಗೆ ಪೂರ್ತಿ ದುಡ್ಡು ವಾಪಸ್ ಕೊಡುತ್ತಾರೆ ಅಂತ ನೋಡಿ, ಆ ದಿನವೇ ನಿಮ್ಮ ನಿಜವಾದ ಗಡುವು. ಅಲ್ಲಿಯವರೆಗೆ ಯೋಚನೆ ಮಾಡಲು ಸಮಯ ಇದೆ. ವೀಸಾ ಫೀ ಮಾತ್ರ ಹೋಯಿತು ಅಂತಲೇ ತಿಳಿದುಕೊಳ್ಳಿ.

ರೈಲಿನಲ್ಲಿ ಇನ್ನೂ ಅನುಕೂಲ. ಕನ್ಫರ್ಮ್ ಟಿಕೆಟ್ಟನ್ನು ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಗಂಡ ಹೀಗೆ ಮನೆಯವರ ಹೆಸರಿಗೆ ಬದಲಾಯಿಸಬಹುದು, ರೈಲು ಹೊರಡುವ 24 ಗಂಟೆ ಮೊದಲು ಕೌಂಟರಿಗೆ ಹೋಗಿ ಅರ್ಜಿ ಕೊಟ್ಟರೆ ಆಯಿತು. ಸೊಸೆಯ ಬರ್ತಿನಲ್ಲಿ ನಾದಿನಿ ಕಾಶಿಗೆ ಹೋಗಿ ಬಂದಿದ್ದಾಳೆ. ನಾದಿನಿಗೆ ಮಾತ್ರ ಯಾಕೆ ಅಂತ ಆಗ ಗೊತ್ತಿರಲಿಲ್ಲ. ನೀವೇ ಹೋಗುವುದಾದರೆ ಬಸುರಿಯರಿಗೆ ಲೋಯರ್ ಬರ್ತ್ ಕೋಟಾ ಇದೆ, ಡಾಕ್ಟರ್ ಸರ್ಟಿಫಿಕೇಟ್ ಹಿಡಿದು ಕೌಂಟರಿನಲ್ಲಿ ಕೇಳಿ. ತಾಯಿ ಕಾರ್ಡ್ ಮಾಡಿಸಿದ್ದರೆ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿ.

ಆದರೆ ನಿಜವಾದ ಸಂಕಟ ದುಡ್ಡಿನದಲ್ಲ, ಗುಟ್ಟಿನದು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅಂತ ನಮ್ಮ ಮನೆಗಳಲ್ಲಿ ಇದೆಯಲ್ಲ. ಅದರಲ್ಲಿ ಅರ್ಥ ಇಲ್ಲದೆ ಇಲ್ಲ. ಕಳೆದುಹೋಗುವ ಬಸುರುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ. ಊರಿಗೆಲ್ಲ ಹೇಳಿ ಆಮೇಲೆ ಊರಿಗೆಲ್ಲ ಉತ್ತರ ಕೊಡುವುದು ಯಾರಿಗೆ ಬೇಕು? ಆದರೆ ಪ್ರವಾಸ ಅಂದರೆ ಒಬ್ಬರದಲ್ಲ. ಕಸಿನ್‌ಗಳೆಲ್ಲ ಸೇರಿ ಎಂಟು ತಿಂಗಳ ಹಿಂದೆಯೇ ಗ್ರೂಪ್ ಮಾಡಿರುತ್ತಾರೆ, ಒಂದೇ ಬಣ್ಣದ ಟೀ ಶರ್ಟ್ ಹೊಲಿಸಿರುತ್ತಾರೆ. ಈಗ ನಾನು ಬರಲ್ಲ ಅಂದರೆ ಯಾಕೆ ಅಂತ ಕೇಳದೆ ಬಿಡುತ್ತಾರಾ?

ಸಾಮಾನ್ಯವಾಗಿ ಎಲ್ಲರೂ ಹೇಳುವ ಸುಳ್ಳು, ಆಫೀಸಿನಲ್ಲಿ ರಜೆ ಸಿಗಲಿಲ್ಲ. ಆಗ ಕಸಿನ್‌ಗಳು ಮ್ಯಾನೇಜರಿಗೆ ಬೈದು, ನಿನಗೋಸ್ಕರ ಡೇಟೇ ಮುಂದಕ್ಕೆ ಹಾಕೋಣ ಅನ್ನುತ್ತಾರೆ. ಸುಳ್ಳಿನ ಮೇಲೆ ಸುಳ್ಳು. ನನ್ನ ಸಲಹೆ, ಸುಳ್ಳು ಚಿಕ್ಕದಾಗಿರಲಿ. "ಡಾಕ್ಟರ್ ಸದ್ಯಕ್ಕೆ ಓಡಾಟ ಬೇಡ ಅಂದಿದ್ದಾರೆ, ವಿಷಯ ಆಮೇಲೆ ಹೇಳ್ತೀನಿ, ನೀವು ಹೋಗಿ ಬನ್ನಿ." ದೊಡ್ಡವರು ಅರ್ಥ ಮಾಡಿಕೊಂಡು ಸುಮ್ಮನಾಗುತ್ತಾರೆ. ಸುಮ್ಮನಾಗದ ಚಿಕ್ಕಮ್ಮ ಒಬ್ಬರು ಇದ್ದೇ ಇರುತ್ತಾರೆ. ಅವರು ನನಗೇ ಫೋನ್ ಮಾಡುತ್ತಾರೆ, "ಅವಳು ಯಾಕೆ ಕ್ಯಾನ್ಸಲ್ ಮಾಡಿದಳು, ನಿಮಗೆ ಗೊತ್ತಿರಬೇಕಲ್ಲ?" ನನಗೆ ಪಿಎನ್‌ಆರ್ ಬಿಟ್ಟು ಬೇರೇನೂ ಗೊತ್ತಿಲ್ಲ ಅನ್ನುತ್ತೇನೆ.

ಹೋಗುವುದೇ ಆದರೆ ಮಾತ್ರ ಗುಟ್ಟು ಪೂರ್ತಿ ಇಟ್ಟುಕೊಳ್ಳಬೇಡಿ. ಜೊತೆಯಲ್ಲಿ ಬರುವ ಒಬ್ಬರಿಗಾದರೂ, ಗಂಡ ಬಿಟ್ಟು ಇನ್ನೊಬ್ಬ ಹೆಂಗಸಿಗೆ, ಹೇಳಿರಿ. ರಾತ್ರಿ ಎರಡಕ್ಕೆ ಹೊಟ್ಟೆನೋವು ಶುರುವಾದಾಗ ಬಾತ್‌ರೂಮಿನಲ್ಲಿ ಒಬ್ಬರೇ ಕೂತು ಗೂಗಲ್ ಮಾಡುವುದಕ್ಕಿಂತ ಅದು ವಾಸಿ.

ಎಲ್ಲರಿಗೂ ಈ ಬಸುರು ಬೇಕು ಅಂತೇನೂ ಇಲ್ಲ. ಅಂಥವರೂ ಬರೆಯುತ್ತಾರೆ, ಕೆಲವರಿಗೆ ಮದುವೆ ಆಗಿರುವುದಿಲ್ಲ. ಅವರಿಗೆ ನಾನು ಹೇಳುವುದು ಇಷ್ಟೇ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ನುಂಗಿ ಬಸ್ ಹತ್ತಬೇಡಿ. ರಕ್ತ ಜಾಸ್ತಿ ಹೋಗಲು ಶುರುವಾದರೆ ಹಾದಿಯಲ್ಲಿ ಏನು ಮಾಡುತ್ತೀರಿ? ಗರ್ಭನಿರೋಧಕ ಕೈಕೊಟ್ಟು ನಿಂತ ಬಸುರನ್ನು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ತೆಗೆಸಲು ಎಂಟಿಪಿ ಕಾಯ್ದೆಯಲ್ಲಿ, ಅಂದರೆ ಗರ್ಭಪಾತದ ಕಾನೂನಿನಲ್ಲಿ, ಅವಕಾಶ ಇದೆ. 2021ರ ತಿದ್ದುಪಡಿ ಆದ ಮೇಲೆ ಮದುವೆ ಆಗದವರಿಗೂ ಅದು ಅನ್ವಯಿಸುತ್ತದೆ. 18 ತುಂಬಿದ್ದರೆ ನಿಮ್ಮ ಒಪ್ಪಿಗೆ ಸಾಕು, ನಿಮ್ಮ ಹೆಸರನ್ನು ಡಾಕ್ಟರ್ ಹೊರಗೆ ಬಿಡುವ ಹಾಗಿಲ್ಲ. ಪ್ರವಾಸ ಹದಿನೈದು ದಿನ ತಡವಾದರೆ ಆಗಲಿ.

ಮಗಳ ಬಸುರಿನಿಂದ ಅಮ್ಮನ ಯಾತ್ರೆ ಕೆಡುವುದೂ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಚಾರ್‌ಧಾಮ್‌ಗೆ ದುಡ್ಡು ಕಟ್ಟಿರುತ್ತಾರೆ, ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಿಂದ ಫೋನ್. ಬಾಣಂತನಕ್ಕೆ ಬಾ ಅಂತ. ತಕ್ಷಣ ಯಾತ್ರೆ ಕ್ಯಾನ್ಸಲ್ ಮಾಡಿಸಲು ಬರುತ್ತಾರೆ. ನಾನು ಕೇಳುತ್ತೇನೆ, ದಿನ ಯಾವಾಗ ತುಂಬುತ್ತೆ? ಎಷ್ಟೋ ಸಲ ಇನ್ನೂ ಆರೇಳು ತಿಂಗಳು ಇರುತ್ತದೆ. ಯಾತ್ರೆ ಮುಗಿಸಿಕೊಂಡೇ ಹೋಗಿ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಎರಡು ತಿಂಗಳು ಮೊದಲೇ ಹೋಗಿ ಕೂತರೆ ಮಗು ಬಂದ ಮೇಲೆ ಉಳಿಯುವುದು ನಾಲ್ಕೇ ತಿಂಗಳು. ಮೊದಲು ಅಮ್ಮ, ಆಮೇಲೆ ಅತ್ತೆ ಅಂತ ಸರದಿ ಮಾಡಿಕೊಂಡ ಮನೆಗಳೇ ಜಾಣರು.

ಕೊನೆಗೆ ಗಂಡಂದಿರ ಪ್ರಶ್ನೆ. "ಅವಳು ಬರಲ್ಲ ಅಂತಾಯ್ತು, ಟಿಕೆಟ್ ಸುಮ್ನೆ ವೇಸ್ಟ್, ನಾನೊಬ್ಬನೇ ಹೋಗಿ ಬರ್ಲಾ?" ಕೆಲವು ಮನೆಗಳಲ್ಲಿ ಬಸುರಿಯ ಗಂಡ ದೂರ ಯಾತ್ರೆ ಹೋಗಬಾರದು, ಸಮುದ್ರ ಸ್ನಾನ ಮಾಡಬಾರದು ಅಂತ ಶಾಸ್ತ್ರ ತೆಗೆಯುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಶಾಸ್ತ್ರ ಇಲ್ಲದ ಮನೆಯವರಾದರೆ ನನ್ನನ್ನು ಕೇಳಬೇಡಿ, ಹೆಂಡತಿಯನ್ನು ಕೇಳಿ. "ಹೋಗಿ ಬನ್ನಿ" ಅಂದ ಮೇಲೆ ಇನ್ನೊಂದು ಸಲ ಕೇಳಿ. ಎರಡನೇ ಸಲವೂ ಹೋಗಿ ಅಂದರೆ, ಲಡಾಖ್ ಕಡೆಗಾದರೆ ಒಂದು ಪೋಸ್ಟ್‌ಪೇಯ್ಡ್ ಸಿಮ್ ತಗೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಹೋಗಿ ಫೋನ್ ಸಿಗಲಿಲ್ಲ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ.