ಪಿಟ್‌ಕೇರ್ನ್: ನಾರುಮಡಿ ಬಡಿದ ಹೆಂಗಸರ ದ್ವೀಪ

ದಕ್ಷಿಣ ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ಪಿಟ್‌ಕೇರ್ನ್‌ಗೆ ವಿಮಾನವಿಲ್ಲ, ಹಡಗು ತಂಗುವ ಬಂದರೂ ಇಲ್ಲ. ತಹೀಟಿಯ ಪಪೀಟೆಯಿಂದ ವಿಮಾನದಲ್ಲಿ ಮಂಗರೆವಾ ದ್ವೀಪ, ಅಲ್ಲಿಂದ ಸರಕಿನ ಹಡಗಿನಲ್ಲಿ ಸುಮಾರು 540 ಕಿಲೋಮೀಟರ್, ಒಂದೂವರೆ ದಿನದ ಹಾದಿ. ವಿಮಾನದ ದಿನವನ್ನೂ ಹಡಗಿನ ದಿನವನ್ನೂ ಹೊಂದಿಸಿಕೊಂಡೇ ಟಿಕೆಟ್ ಮಾಡಿಸಬೇಕು. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಿ. ಹೊಟ್ಟೆ ತೊಳಸತೊಡಗಿದ ಮೇಲೆ ಅದು ಒಳಗೆ ನಿಲ್ಲುವುದಿಲ್ಲ.

ಹಡಗು ದಡದಿಂದ ದೂರವೇ ನಿಲ್ಲುತ್ತದೆ. ಊರವರು ಲಾಂಗ್‌ಬೋಟ್ ತಂದು ಪಕ್ಕಕ್ಕೆ ಆನಿಸುತ್ತಾರೆ. ದೋಣಿ ಅಲೆಯ ಮೇಲೆ ಏರಿ ಹಡಗಿನ ಮಟ್ಟಕ್ಕೆ ಬಂದ ಕ್ಷಣ, ಅವರು ಹೇಳಿದ ಕೂಡಲೇ ಕಾಲಿಡಬೇಕು. ಒಂದು ಗಳಿಗೆ ಅನುಮಾನಿಸಿದರೆ ದೋಣಿ ಕೆಳಗಿಳಿದು ನಡುವೆ ಕಂದಕ ಬಿದ್ದಿರುತ್ತದೆ. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ. ಬೌಂಟಿ ಕೊಲ್ಲಿಯ ಬಾಯಲ್ಲಿ ದೋಣಿ ನಡೆಸುವವರು ದೊಡ್ಡ ಅಲೆಗಳು ಹಾದುಹೋಗುವವರೆಗೆ ಕಾದು, ಒಂದೇ ಉಸಿರಿಗೆ ಕಟ್ಟೆಗೆ ನುಗ್ಗುತ್ತಾರೆ. ಸಮುದ್ರ ಕೆರಳಿದ್ದರೆ ದ್ವೀಪವನ್ನು ಕಣ್ಣಾರೆ ಕಂಡು ಹಿಂದಿರುಗುವುದೂ ಉಂಟು.

ಈ ದ್ವೀಪದ ಚರಿತ್ರೆ ಹುಟ್ಟಿದ್ದೇ ಈ ತೊಡಕಿನಿಂದ. 1767ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಕಾರ್ಟರೆಟ್ ಇದನ್ನು ದೂರದಿಂದ ಕಂಡ, ಅಲೆಯ ಹೊಡೆತಕ್ಕೆ ಇಳಿಯಲಾಗಲಿಲ್ಲ. ನಕ್ಷೆಯಲ್ಲಿ ಬರೆದ ರೇಖಾಂಶವೂ ಮೂರು ಡಿಗ್ರಿಯಷ್ಟು ತಪ್ಪಿತ್ತು. ತಲೆಮರೆಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗು ತಹೀಟಿಯಿಂದ ವೆಸ್ಟ್ ಇಂಡೀಸ್‌ಗೆ ಬ್ರೆಡ್‌ಫ್ರೂಟ್ ಸಸಿಗಳನ್ನು, ಅಂದರೆ ನಮ್ಮ ಕರಾವಳಿಯ ಜೀಗುಜ್ಜೆಯನ್ನು, ಸಾಗಿಸುತ್ತಿತ್ತು. 1789ರ ಏಪ್ರಿಲ್ 28ರಂದು ಹಡಗಿನ ಅಧಿಕಾರಿ ಫ್ಲೆಚರ್ ಕ್ರಿಶ್ಚಿಯನ್ ದಂಗೆಯೆದ್ದು, ಕ್ಯಾಪ್ಟನ್ ಬ್ಲೈಯನ್ನು ಸಣ್ಣ ದೋಣಿಗೆ ಇಳಿಸಿ ಹಡಗು ವಶ ಮಾಡಿಕೊಂಡ. 1790ರ ಜನವರಿಯಲ್ಲಿ ಇಲ್ಲಿ ಇಳಿದವರು ಒಂಬತ್ತು ನಾವಿಕರು, ಆರು ಮಂದಿ ಪಾಲಿನೇಷ್ಯದ ಗಂಡಸರು, ಹತ್ತಕ್ಕೂ ಹೆಚ್ಚು ಹೆಂಗಸರು, ಒಂದು ಹಸುಗೂಸು. ಅದೇ ತಿಂಗಳು ಹಡಗಿಗೆ ಬೆಂಕಿಯಿಟ್ಟರು. ದಡದಲ್ಲಿ ನಿಂತ ಹೆಂಗಸರಿಗೆ ಊರಿನ ದಾರಿ ಮುಚ್ಚಿದ್ದು ಅಂದೇ.

ಈ ಕಥೆಯನ್ನು ಒಂಬತ್ತು ನಾವಿಕರ ಕಥೆಯೆಂದು ಹೇಳುವುದು ತಪ್ಪು. ಅವರು ಭೂಮಿಯನ್ನು ಒಂಬತ್ತೇ ಪಾಲು ಮಾಡಿದರು. ಪಾಲಿನೇಷ್ಯದವರಿಗೆ ಒಂದಂಗುಲವೂ ಇಲ್ಲ. ತಮ್ಮ ಹೆಂಡಿರು ಸತ್ತಾಗ ಅವರ ಹೆಂಗಸರನ್ನು ಕಿತ್ತುಕೊಂಡರು. 1793ರಲ್ಲಿ ಅದು ಕೊಲೆಗಳಾಗಿ ಸಿಡಿಯಿತು: ಕ್ರಿಶ್ಚಿಯನ್ ಸೇರಿ ಐವರು ನಾವಿಕರು ಸತ್ತರು, ಕೊನೆಗೆ ಪಾಲಿನೇಷ್ಯದ ಗಂಡಸರಲ್ಲಿ ಒಬ್ಬನೂ ಉಳಿಯಲಿಲ್ಲ. ಮರುವರ್ಷ ಹೆಂಗಸರು ತಪ್ಪಿಸಿಕೊಳ್ಳಲು ದೋಣಿ ಕಟ್ಟಿದರು; ನೀರಿಗಿಳಿದದ್ದೇ ಮಗುಚಿತು. 1808ರಲ್ಲಿ ಅಮೆರಿಕದ ಟೋಪಾಜ್ ಹಡಗು ಬಂದಾಗ ನಾವಿಕರಲ್ಲಿ ಉಳಿದಿದ್ದವನು ಜಾನ್ ಆಡಮ್ಸ್ ಒಬ್ಬನೇ. ಸುತ್ತ ಹೆಂಗಸರು, ಮಕ್ಕಳು.

ಆ ಮಕ್ಕಳ ಮೈ ಮುಚ್ಚಿದ್ದು ಹೆಂಗಸರು ಬಡಿದ ತಾಪಾ, ನಮ್ಮ ಪುರಾಣಗಳ ನಾರುಮಡಿಯಂಥದೇ ಬಟ್ಟೆ. ಎಳೆಯ ಆವುಟೆ (ಪೇಪರ್ ಮಲ್ಬರಿ) ಗಿಡದ ತೊಗಟೆಯನ್ನು ಉದ್ದಕ್ಕೆ ಸುಲಿದು, ಹೊರಪದರ ಹೆರೆದು ತೆಗೆದು, ಒಳನಾರನ್ನು ನೆನೆಹಾಕಬೇಕು. ಆಮೇಲೆ ದಿಮ್ಮಿಯ ಮೇಲೆ ಹಾಸಿ, ಗೀರು ಕೊರೆದ ಮರದ ಕೊಡತಿಯಿಂದ ಬಡಿಯಬೇಕು. ಬಡಿದಷ್ಟೂ ಪಟ್ಟಿ ಅಗಲವಾಗುತ್ತದೆ. ಅಂಚಿಗೆ ಅಂಚು ಇಟ್ಟು ಹಸಿಯಿರುವಾಗಲೇ ಬಡಿದರೆ ಹೊಲಿಗೆಯಿಲ್ಲದೆ ಕೂಡಿಕೊಳ್ಳುತ್ತದೆ, ಒಣಗಿದರೆ ಕೂಡುವುದಿಲ್ಲ. ಕ್ರಿಶ್ಚಿಯನ್‌ನ ಹೆಂಡತಿ ಮೌಅತುವಾ ಮಾಡಿದ ತಾಪಾ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನಾವಿಕರು ಜೆನ್ನಿ ಎನ್ನುತ್ತಿದ್ದ ತಹೀಟಿಯ ಹೆಂಗಸು 1817ರಲ್ಲಿ ಊರಿಗೆ ಮರಳಿದಳು. ಅವಳ ಹೇಳಿಕೆ 1819ರಲ್ಲಿ ಸಿಡ್ನಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1838ರ ಕಾನೂನು ಇಲ್ಲಿನ ಹೆಂಗಸರಿಗೂ ಮತದ ಹಕ್ಕು ಕೊಟ್ಟಿತು. ಬ್ರಿಟನ್ನಿನಲ್ಲೇ ಆಗ ಅದಿರಲಿಲ್ಲ.

1856ರಲ್ಲಿ ಜಾಗ ಸಾಲದೆ 193 ಮಂದಿಯೂ ನಾರ್ಫೋಕ್ ದ್ವೀಪಕ್ಕೆ ಹೋದರು. ಮೂರು ವರ್ಷಕ್ಕೆ ಕೆಲವರು ಮರಳಿದರು, 1864ರಲ್ಲಿ ಇನ್ನಷ್ಟು ಜನ. 1937ರಲ್ಲಿ 233 ಇದ್ದ ಜನಸಂಖ್ಯೆ ಈಗ ಐವತ್ತಕ್ಕೂ ಕಡಿಮೆ.

ದಡದಿಂದ ದ್ವೀಪದ ಏಕೈಕ ಊರಾದ ಆಡಮ್ಸ್‌ಟೌನ್‌ಗೆ ಹತ್ತುವ ಕಡಿದಾದ ದಾರಿಗೆ 'ಹಿಲ್ ಆಫ್ ಡಿಫಿಕಲ್ಟಿ' ಎಂದೇ ಹೆಸರು. ಮಳೆ ಬಂದರೆ ದ್ವೀಪದ ಕೆಮ್ಮಣ್ಣು ಸಾಬೂನಿನಂತೆ ಜಾರುತ್ತದೆ, ಹಲ್ಲಿರುವ ಶೂ ಬೇಕೇಬೇಕು. ಚೌಕದಲ್ಲಿ ಬೌಂಟಿಯ ಲಂಗರು ಇದೆ. ದಂಗೆಕೋರರ ಪೈಕಿ ಇಂದಿಗೂ ಗುರುತಿರುವ ಗೋರಿ ಆಡಮ್ಸ್‌ನದೊಂದೇ. ಅಲ್ಲಿ ಅವನ ಹೆಂಡತಿ ತೆಇಓ ಕೂಡ ಇದ್ದಾಳೆ.