ಸ್ವಂತ ಮನೆ ಅಂತೀಯ, ಮತ್ತೆ ರಿಪೇರಿ ಬಿಲ್ ಯಾಕೆ ಕಟ್ಟಿದೆ?

ನಾನಿರುವುದು ಲಂಡನ್ನಿನ ಕ್ರಾಯ್ಡನ್‌ನಲ್ಲಿ, 18 ಫ್ಲಾಟ್‌ಗಳ ಮೂರಂತಸ್ತಿನ ಹಳೇ ಕಟ್ಟಡದಲ್ಲಿ. 2018ರಲ್ಲಿ ಕೊಂಡ ಮನೆ. ಕೆಲವು ವರ್ಷಗಳ ಹಿಂದೆ ತಾರಸಿ ರಿಪೇರಿ ಮಾಡಿಸಿ ನನ್ನ ಪಾಲು ಅಂತ 12,460 ಪೌಂಡ್ ಬಿಲ್ ಕಳಿಸಿದರು. ಹನ್ನೆರಡು ಲಕ್ಷ ರೂಪಾಯಿಗೂ ಜಾಸ್ತಿ. ಅವತ್ತಿನಿಂದ ಊರಿಗೆ ಹೋದರೂ, ಇಲ್ಲಿ ಯಾರ ಮನೆ ಊಟಕ್ಕೆ ಹೋದರೂ ಇದೇ ಪ್ರಶ್ನೆ: "ಸ್ವಂತ ಮನೆ ಅಲ್ವಾ? ಯಾರೋ ಮಾಡಿಸಿದ ರಿಪೇರಿಗೆ ನೀನ್ಯಾಕೆ ದುಡ್ಡು ಕೊಟ್ಟೆ?" ಅದರ ಬೆನ್ನಿಗೇ ಇನ್ನೊಂದು: "ತಗೊಳ್ಳೋ ಮುಂಚೆ ಪೇಪರ್ ಸರಿಯಾಗಿ ನೋಡಲಿಲ್ವಾ?"

ನೋಡಿದ್ದೆ. ವಕೀಲರೂ ನೋಡಿದ್ದರು. ದೊಡ್ಡ ಕೆಲಸ ಏನಾದರೂ ಬರುವುದಿದೆಯಾ ಅಂತ ಬರವಣಿಗೆಯಲ್ಲೇ ಕೇಳಿದ್ದೆವು. ಸದ್ಯಕ್ಕೆ ಇಲ್ಲ ಅಂತ ಉತ್ತರ ಬಂದಿತ್ತು. ತಾರಸಿ ಯಾವ ವರ್ಷ ಸೋರುತ್ತದೆ ಅಂತ ಯಾವ ಪೇಪರ್‌ನಲ್ಲೂ ಬರೆದಿರುವುದಿಲ್ಲ. "ನೋಡಲಿಲ್ವಾ" ಅಂತ ಕೇಳುವವರು ಆಗಲೇ ತಪ್ಪು ನನ್ನದು ಅಂತ ತೀರ್ಮಾನ ಮಾಡಿಯೇ ಕೇಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಈ ಗೊಂದಲದ ಬೇರು ಒಂದು ಪದದಲ್ಲಿದೆ. ಅದು ಗೊತ್ತಾಗಿದ್ದು ಅರಸೀಕೆರೆಯ ನನ್ನ ಸೋದರಮಾವನ ಜೊತೆ ಮಾತಾಡುವಾಗ. ಫೋನಿನಲ್ಲಿ ಬಿಲ್ಲಿನ ಕಥೆ ಹೇಳುತ್ತಾ "ಇದು ಲೀಸ್‌ಹೋಲ್ಡ್ ಮನೆ ಮಾವ" ಅಂದೆ. ಅವರಿಗೆ ತಕ್ಷಣ ಸಮಾಧಾನವಾಯಿತು. "ಓ, ಲೀಸಾ! ಹಂಗಾದ್ರೆ ಯೋಚ್ನೆ ಯಾಕೆ ಮಗಾ? ಭೋಗ್ಯದ ಮನೆಗೆ ಸುಣ್ಣ ಬಣ್ಣನೂ ಓನರೇ ಮಾಡಿಸ್ಬೇಕು. ಮೂರು ವರ್ಷ ಆದ್ಮೇಲೆ ದುಡ್ಡು ವಾಪಸ್ ಇಸ್ಕೊಂಡು ಬಂದ್ಬಿಡು" ಅಂದರು. ಅವರ ಮಟ್ಟಿಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಲೀಸ್ ಅಂದರೆ ಇಡಿಗಂಟು ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ತಗೊಳ್ಳುವುದು ತಾನೇ?

ಇಂಗ್ಲೆಂಡಿನ ಲೀಸ್ ಬೇರೆ. ಇಲ್ಲಿ ಫ್ಲಾಟ್ ಕೊಳ್ಳುವುದು ಅಂದರೆ ಬಹುಪಾಲು ಕಡೆ ಇಷ್ಟು ವರ್ಷ ಇರುವ ಹಕ್ಕನ್ನು ಕೊಳ್ಳುವುದು. 99, 125, 999 ವರ್ಷ, ಹೀಗೆ. ನನ್ನದು 125 ವರ್ಷದ್ದು. ನೆಲ, ಗೋಡೆ, ತಾರಸಿ ಎಲ್ಲ ಫ್ರೀಹೋಲ್ಡರ್ ಅನ್ನುವ ಇನ್ನೊಬ್ಬರದು. ರಿಪೇರಿ ಮಾಡಿಸುವ ಜವಾಬ್ದಾರಿ ಅವರದು. ಖರ್ಚು ಕೊಡುವವರು ನಾವು. ನನ್ನ ಲೀಸ್ ಪತ್ರದಲ್ಲಿ ಹದಿನೆಂಟರಲ್ಲಿ ಒಂದು ಪಾಲು ನನ್ನದು ಅಂತ ಬರೆದಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಾದರೆ ಜಮೀನಿನಲ್ಲಿ ನಮಗೂ ಒಂದು ಪಾಲು ಇರುತ್ತದೆ. ಅಸೋಸಿಯೇಷನ್ ಸಭೆಯಲ್ಲಿ ಕೂತು ಜಗಳ ಆಡಿಯಾದರೂ ನಾವೇ ತೀರ್ಮಾನ ಮಾಡುತ್ತೇವೆ. ಆ ಥರದ ವ್ಯವಸ್ಥೆಗೆ ಇಲ್ಲೂ 2002ರಲ್ಲೇ ಕಾಯ್ದೆ ಮಾಡಿದರು, ಕಾಮನ್‌ಹೋಲ್ಡ್ ಅಂತ. ಆಮೇಲಿನ ಎರಡು ದಶಕದಲ್ಲಿ ಇಡೀ ದೇಶದಲ್ಲಿ ಇಪ್ಪತ್ತು ಕಟ್ಟಡವೂ ಹಾಗೆ ಆಗಲಿಲ್ಲ.

"ಕೊಡಲ್ಲ ಅಂದಿದ್ರೆ?" ಕೋರ್ಟಿಗೆ ಹೋಗುತ್ತಾರೆ. ತೀರ್ಪು ನಮ್ಮ ವಿರುದ್ಧ ಬಂದು ಆಗಲೂ ಕೊಡದಿದ್ದರೆ ಕೊನೆಗೆ ಲೀಸೇ ಹೋಗುವ ಅಪಾಯ ಇದೆ. "ಮಾರಿಬಿಡು"? ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಈ ಬಿಲ್ಲಿನ ವಿಷಯ. "ಅದಕ್ಕೆ ಈಗ ಕಾನೂನು ಬಂದಿದೆಯಂತಲ್ಲ?" ಅದು ಬೇರೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನುವ ಎತ್ತರದ ವಸತಿ ಕಟ್ಟಡದಲ್ಲಿ ಬೆಂಕಿ ಬಿದ್ದು 72 ಜನ ಸತ್ತರು. ಹೊರಗೋಡೆಗೆ ಹಾಕಿದ್ದ ಹೊದಿಕೆಯೇ ಹತ್ತಿಕೊಂಡು ಉರಿದಿತ್ತು. ಅಂಥ ಹೊದಿಕೆ ತೆಗೆಸುವ ಖರ್ಚಿನಿಂದ ಎತ್ತರದ ಕಟ್ಟಡಗಳ ಬಹಳಷ್ಟು ಫ್ಲಾಟ್ ಮಾಲೀಕರಿಗೆ ರಕ್ಷಣೆ ಕೊಟ್ಟಿದ್ದು 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ. ಹಳೇ ತಾರಸಿ ಸೋರಿದರೆ ಅದು ಉಪಯೋಗಕ್ಕೆ ಬರುವುದಿಲ್ಲ.

ಇಷ್ಟು ಜನ ಇಷ್ಟೆಲ್ಲ ಕೇಳಿದರು. "ತಾರಸಿ ನಿಜವಾಗಲೂ ಸೋರ್ತಿತ್ತಾ?" ಅಂತ ಒಬ್ಬರೂ ಕೇಳಲಿಲ್ಲ.

ಸೋರುತ್ತಿತ್ತು. ನನ್ನ ಮೇಲಿನ ಮನೆಯಲ್ಲಿ ಜಮೈಕಾದಿಂದ ಬಂದ ಒಬ್ಬ ಅಜ್ಜಿ ಇದ್ದಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವರು. ಅವರ ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಬಕೆಟ್, ಅದರೊಳಗೆ ಮಡಿಸಿಟ್ಟ ಟವೆಲ್. ಹನಿ ಬಿದ್ದ ಸದ್ದಿಗೆ ರಾತ್ರಿ ಎಚ್ಚರವಾಗುತ್ತದೆ ಅಂತ ಟವೆಲ್. ಎರಡು ಚಳಿಗಾಲ ಹಾಗೇ ಮಲಗಿದ್ದಾರೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಈ ರಿಪೇರಿಗೆ ನಾನ್ಯಾಕೆ ಕೊಡಲಿ ಅನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಪಾಲು ಕೊಡುವುದಕ್ಕೆ ನನ್ನ ತಕರಾರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಎಷ್ಟು ದುಡ್ಡಿಗೆ, ಯಾರ ಕೈಲಿ, ಯಾವಾಗ ಮಾಡಿಸಬೇಕು ಅನ್ನುವುದರಲ್ಲಿ ದುಡ್ಡು ಕೊಡುವವರ ಮಾತು ನಡೆಯುವುದಿಲ್ಲವಲ್ಲ, ಅದೇ ನನ್ನ ತಕರಾರು.

ಪೂರ್ತಿ ನಡೆಯದಿದ್ದರೂ ಮಾತಾಡಲು ಒಂದಷ್ಟು ಜಾಗ ಇದೆ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 20ನೇ ಸೆಕ್ಷನ್. ಒಂದು ರಿಪೇರಿಗೆ ಯಾವುದೇ ಒಂದು ಫ್ಲಾಟ್‌ನ ಪಾಲು 250 ಪೌಂಡ್ ದಾಟುವುದಾದರೆ ಮೊದಲೇ ನಮಗೆ ನೋಟಿಸ್ ಕೊಡಬೇಕು. ಇಂಥ ತಕರಾರು ವಿಚಾರಿಸುವ ಟ್ರಿಬ್ಯೂನಲ್ ವಿನಾಯಿತಿ ಕೊಟ್ಟರೆ ಬೇರೆ ಮಾತು. ಇಲ್ಲದಿದ್ದರೆ, ಹಾಗೆ ಮಾಡದವರು ಒಬ್ಬೊಬ್ಬರಿಂದ 250ಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. ಮೊದಲ ನೋಟಿಸ್‌ನಲ್ಲಿ ಯಾವ ಕೆಲಸ, ಯಾಕೆ ಅಂತ ಇರುತ್ತದೆ. ಉತ್ತರ ಬರೆಯಲು 30 ದಿನ. ಈ ಕಂಟ್ರಾಕ್ಟರ್ ಹತ್ತಿರವೂ ರೇಟ್ ಕೇಳಿ ಅಂತ ನಾವೇ ಹೆಸರು ಕೊಡಬಹುದಾದ ಸಾಮಾನ್ಯ ಹೊತ್ತು ಇದೇ. ಎರಡನೆಯದರಲ್ಲಿ ಕಡೇಪಕ್ಷ ಎರಡು ಅಂದಾಜು ತೋರಿಸಬೇಕು. ಅದರಲ್ಲಿ ಒಂದಾದರೂ ಫ್ರೀಹೋಲ್ಡರ್‌ಗೆ ಸಂಬಂಧವೇ ಇಲ್ಲದವರದ್ದಾಗಿರಬೇಕು. ಮತ್ತೆ 30 ದಿನ.

ಆ ಮೊದಲ ನೋಟಿಸ್‌ಅನ್ನು ನಾನು ಅಡುಗೆಮನೆ ಡ್ರಾಯರ್‌ನಲ್ಲಿ ಹಾಕಿ ಮರೆತೆ. ಅದರಲ್ಲಿ ಮೊತ್ತವೇ ಇರಲಿಲ್ಲ, ಸಂಬಳದ ಸ್ಲಿಪ್ ಥರ ಮಾಮೂಲಿ ಕಾಗದ ಅನ್ನಿಸಿತ್ತು. ಎರಡನೆಯದು ಬಂದಾಗ ಪಾಲು 10,200 ಪೌಂಡ್ ಅಂತ ಇತ್ತು, ಕಂಟ್ರಾಕ್ಟರ್ ಹೆಸರು ಕೊಡುವ ಹೊತ್ತು ಮುಗಿದಿತ್ತು. ಆ ಮೂವತ್ತು ದಿನ ಈಗಲೂ ನನ್ನನ್ನು ಕಾಡುತ್ತದೆ.

10,200 ಹೇಗೆ 12,460 ಆಯಿತು? ಉತ್ತರದ ಒಂದು ಭಾಗ ಅಜ್ಜಿಯ ಕ್ಯಾಲೆಂಡರ್‌ನಲ್ಲಿ ಸಿಕ್ಕಿತು. ಕಟ್ಟಡದ ಸುತ್ತ ಕಬ್ಬಿಣದ ಸಾರುವೆ ಕಟ್ಟಿದ್ದರು. ಕೆಲಸದವರು ಬಂದ ದಿನದ ಚೌಕಕ್ಕೆ ಅಜ್ಜಿ ನೀಲಿ ಪೆನ್ನಿನಲ್ಲಿ ಸಣ್ಣದಾಗಿ ಗುರುತು ಹಾಕುತ್ತಿದ್ದರು. ಪಾಪ, ಲೆಕ್ಕ ಇಡಬೇಕು ಅಂತ ಅಲ್ಲ. ಕಿಟಕಿಯ ಹೊರಗೆ ಗಂಡಸರು ಓಡಾಡುತ್ತಿದ್ದುದರಿಂದ ಯಾವತ್ತು ಪರದೆ ಎಳೆದಿರಬೇಕು ಅಂತ ತಿಳಿಯಲು. ಒಂದು ಸಂಜೆ ಅವರ ಟೇಬಲ್ ಮೇಲೆ ಕ್ಯಾಲೆಂಡರ್ ಹರಡಿಕೊಂಡು ನೋಡಿದೆವು. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಶುರುವಿನವರೆಗೆ ಒಂಬತ್ತು ವಾರ ಒಂದೂ ಗುರುತಿಲ್ಲ. ಸಾರುವೆ ಮಾತ್ರ ನಿಂತೇ ಇತ್ತು, ಅದರ ವಾರದ ಬಾಡಿಗೆ ನಮ್ಮ ಬಿಲ್ಲಿನಲ್ಲಿತ್ತು.

ಖರ್ಚಿನ ವಿವರ ಕೇಳುವ, ರಸೀದಿ ನೋಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಹನ್ನೊಂದು ಮನೆಯವರು ಸೇರಿ ಕೇಳಿದೆವು. ಖರ್ಚು ನ್ಯಾಯವಾದದ್ದಾ ಅಂತ ಪ್ರಶ್ನಿಸಲು ಟ್ರಿಬ್ಯೂನಲ್ ಇದೆ, ಅರ್ಜಿ ಹಾಕುತ್ತೇವೆ ಅಂತ ಕ್ಯಾಲೆಂಡರ್‌ನ ಫೋಟೋ ಜೊತೆಗೇ ಬರೆದೆವು. ಆರು ವಾರದ ಮೇಲೆ ಒಂಬತ್ತು ವಾರದ ಬಾಡಿಗೆ ತೆಗೆದರು. ಮನೆಗೆ 640 ಪೌಂಡ್. 18 ಮನೆಗೂ ಸೇರಿ 11,520. ನಾನು ಕೊನೆಗೆ ಕಟ್ಟಿದ್ದು 11,820. ಹೌದು, ಆಮೇಲೂ ಅದು ದೊಡ್ಡ ಮೊತ್ತವೇ. ಊರಲ್ಲಿ ಅಮ್ಮನ ಕಣ್ಣಿನ ಆಪರೇಷನ್‌ಗೆ ಅಂತ ಇಟ್ಟಿದ್ದ ದುಡ್ಡೂ ಅದರಲ್ಲೇ ಹೋಯಿತು, ಆಪರೇಷನ್ ಒಂದು ವರ್ಷ ಮುಂದೆ ಹೋಯಿತು.

ಅಜ್ಜಿಯ ಕೋಣೆಯಿಂದ ಬಕೆಟ್ ಹೋಗಿದೆ. ಹೋದ ತಿಂಗಳು ಕಿಟಕಿ ಮತ್ತು ಹೊರಗಿನ ಬಣ್ಣದ ಕೆಲಸಕ್ಕೆ ಹೊಸ ನೋಟಿಸ್ ಬಂತು. ಈ ಸಲ ಎರಡನೇ ದಿನವೇ ಅವರ ಅಡುಗೆಮನೆಯಲ್ಲಿ ಎಂಟು ಜನ ಸೇರಿ ಮೂರು ಕಂಟ್ರಾಕ್ಟರ್‌ಗಳ ಹೆಸರು ಬರೆದು ಕಳಿಸಿದೆವು. ಮೂವತ್ತನೇ ದಿನದ ಚೌಕಕ್ಕೆ ಅಜ್ಜಿ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ.