ಗಂಟಿಗೆ 50 ಸೆಂಟ್

ಅವ್ವ ಗದಗಿನಿಂದ ಅಟ್ಲಾಂಟಕ್ಕೆ ಬಂದು ಎರಡು ತಿಂಗಳಾಗಿತ್ತು. ಮಾಲು, ದೇವಸ್ಥಾನ, ಅಕ್ವೇರಿಯಂ ಎಲ್ಲ ಮುಗಿದಿದ್ದವು. "ಇನ್ನ ಗಾಜಿನ ಕಟ್ಟಡ ಸಾಕಪಾ. ಹಳೇದು ಏನರ ಇದ್ರ ತೋರಿಸು" ಅಂದಳು. ಅಟ್ಲಾಂಟದಲ್ಲಿ ಹಳೆಯದನ್ನು ಹುಡುಕುವುದೇ ಕಷ್ಟ. ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ, 1864ರ ನವೆಂಬರ್‌ನಲ್ಲಿ, ಉತ್ತರದ ಜನರಲ್ ಶರ್ಮನ್‌ನ ಸೈನ್ಯ ಊರಿನ ದೊಡ್ಡ ಭಾಗಕ್ಕೆ ಬೆಂಕಿ ಇಟ್ಟು ಸಮುದ್ರದ ಕಡೆ ಹೊರಟಿತ್ತು. ಉಳಿದಿದ್ದನ್ನು ಆಮೇಲೆ ಬಂದ ಬಿಲ್ಡರ್‌ಗಳು ನೋಡಿಕೊಂಡರು. ಹಾಗಾಗಿ ಒಂದು ಶನಿವಾರ ಬುತ್ತಿ ಕಟ್ಟಿಕೊಂಡು ಮ್ಯಾಡಿಸನ್‌ಗೆ ಹೊರಟೆವು.

ಐ-20 ಹೈವೇ ಹಿಡಿದು ಪೂರ್ವಕ್ಕೆ ಒಂದು ಗಂಟೆ ದಾರಿ. ನಾಲ್ಕೂವರೆ ಸಾವಿರದಷ್ಟು ಜನ ಇರುವ ಸಣ್ಣ ಊರು. 1809ರಲ್ಲಿ ಹುಟ್ಟಿದ್ದು. ಮುಖ್ಯ ರಸ್ತೆಯ ಎರಡೂ ಕಡೆ ಬಿಳಿ ಕಂಬದ ದೊಡ್ಡ ದೊಡ್ಡ ಮನೆಗಳು, ಮುಂದೆ ಮರಗಳ ನೆರಳು. ಈ ಊರಿನ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ಶರ್ಮನ್ ಇಲ್ಲಿಗೆ ಬಂದನಂತೆ, ಊರಿನ ಚೆಂದ ನೋಡಿ ಸುಡಲು ಮನಸ್ಸೇ ಬರಲಿಲ್ಲವಂತೆ.

ಕಥೆ ಚೆನ್ನಾಗಿದೆ. ಆದರೆ ಶರ್ಮನ್ ಮ್ಯಾಡಿಸನ್‌ಗೆ ಬಂದೇ ಇರಲಿಲ್ಲ. ಅವನು ಇನ್ನೊಂದು ತುಕಡಿಯ ಜೊತೆ ಬೇರೆ ದಾರಿಯಲ್ಲಿದ್ದ. ಇಲ್ಲಿಗೆ ಬಂದದ್ದು ಜನರಲ್ ಸ್ಲೋಕಮ್‌ನ ಪಡೆ. ಅವರು ರೈಲು ಸ್ಟೇಷನ್ ಸುಟ್ಟರು, ಹತ್ತಿ ಸುಟ್ಟರು, ಹಳಿ ಕಿತ್ತರು. ಮನೆಗಳನ್ನು ಬಿಟ್ಟರು. ಅದರ ಹಿಂದೆ ಜಾಶುವಾ ಹಿಲ್ ಎಂಬ ಊರಿನ ಹಿರಿಯನ ಹೆಸರು ಬರುತ್ತದೆ. ಹಿಲ್ ದಕ್ಷಿಣದವನೇ, ಗುಲಾಮರನ್ನು ಇಟ್ಟುಕೊಂಡಿದ್ದವನೇ. ಆದರೆ ದೇಶ ಒಡೆಯುವುದು ಬೇಡ ಅನ್ನುತ್ತಿದ್ದ. ಅವನ ಮಗ ಮಾತ್ರ ದಕ್ಷಿಣದ ಸೈನ್ಯ ಸೇರಿ ಸತ್ತ. ಮಗನ ಹೆಣ ತರಲು ಹಿಲ್ ಆ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಕ್ಕೆ ಹೋಗಿ ಶರ್ಮನ್‌ನ ಎದುರೇ ಕೂತು ಮಾತಾಡಿ ಬಂದಿದ್ದ. ಎರಡು ತಿಂಗಳಿಗೆ ಅದೇ ಸೈನ್ಯ ಅವನ ಊರಿನ ಬಾಗಿಲಿಗೆ ಬಂತು. ನನಗೆ ಚೆಂದದ ಕಥೆಗಿಂತ ಈ ಅಪ್ಪನ ಕಥೆಯೇ ಜಾಸ್ತಿ ಹಿಡಿಸಿತು. ಅವ್ವನಿಗೂ ಅಷ್ಟೇ. "ಮಗನ್ನ ಕಳಕೊಂಡವ ಹೋಗಿ ನಿಂತ್ರ ಯಾರಿಗರ ಕೈ ಬರ್ತದೇನು?" ಅಂದಳು.

ಮೊದಲು ಹೋಗಿದ್ದು ಹೆರಿಟೇಜ್ ಹಾಲ್‌ಗೆ. ಎಲೈಜಾ ಜೋನ್ಸ್ ಎಂಬ ಡಾಕ್ಟರು ಇದ್ದ ಮನೆ. ಎತ್ತರದ ಕಂಬ, ಅಗಲವಾದ ನಡುಮನೆ, ಮೇಲೆ ಕೆಳಗೆ ಮಲಗುವ ಕೋಣೆಗಳು. ಕಿಟಕಿಯ ಗಾಜಿನ ಮೇಲೆ ಮನೆಯವರು ಹಿಂದೆ ಯಾವಾಗಲೋ ಗೀಚಿದ ಅಕ್ಷರಗಳಿವೆ. ನಾನು ಬಗ್ಗಿ ನೋಡಿದೆ. ಸೂಜಿಯಲ್ಲಿ ಬರೆದಂಥ ತೆಳು ಗೆರೆ. ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ, ತಲೆ ಸ್ವಲ್ಪ ಸರಿಸಿದರೆ ಮಾಯ.

ಅವ್ವ ಗಾಜು ನೋಡಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಮರದ ಹಲಗೆಯ ನೆಲ, ಮಿರಮಿರ ಹೊಳೆಯುತ್ತಿತ್ತು.

"ಅಲ್ಲಪಾ, ಇಷ್ಟು ದೊಡ್ಡ ಮನಿ ಕಸಾ ಯಾರು ಹೊಡೀತಿದ್ರು? ಕೇಳು ಆಕಿನ್ನ."

ಮನೆ ತೋರಿಸುತ್ತಿದ್ದವರು ಬೆಳ್ಳಿಕೂದಲಿನ ಹಿರಿಯ ಹೆಂಗಸು, ಬಹಳ ಪ್ರೀತಿಯಿಂದ ಮಾತಾಡುತ್ತಿದ್ದರು. ನನಗೆ ಯಾಕೋ ಮುಜುಗರವಾಯಿತು. ಇಷ್ಟು ದೊಡ್ಡ ಮನೆಯನ್ನು ಹೇಗೆ ಚೊಕ್ಕಟ ಇಡುತ್ತೀರಿ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಖುಷಿಯಿಂದ ಮರದ ಪಾಲಿಶ್ ಬಗ್ಗೆ ಐದು ನಿಮಿಷ ಹೇಳಿದರು.

"ನಾ ಕೇಳಿದ್ದು ನೀ ಕೇಳಲಿಲ್ಲ" ಅಂದಳು ಅವ್ವ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಮುಖ ಓದಲು ಬರುತ್ತದೆ.

ಸರಿ ಅಂತ ಎರಡನೇ ಸಲ ಇದ್ದದ್ದು ಇದ್ದ ಹಾಗೆ ಕೇಳಿದೆ. ಆ ಹೆಂಗಸು ಒಂದು ಗಳಿಗೆ ಸುಮ್ಮನಿದ್ದು, ಗುಲಾಮರು ಅಂದರು. ಯುದ್ಧಕ್ಕೆ ಮುಂಚೆ ಈ ಕೌಂಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅವರೇ ಇದ್ದರು, ಹೊಲದಲ್ಲಿ ಹತ್ತಿ ಬಿಡಿಸಿದವರೂ ಅವರೇ ಅಂದರು. ನಾನು ಕನ್ನಡದಲ್ಲಿ ಹೇಳಿದೆ. ಅವ್ವ ತಲೆಯಾಡಿಸಿದಳು. ಆಶ್ಚರ್ಯವೇನೂ ಆದ ಹಾಗೆ ಕಾಣಲಿಲ್ಲ.

ಕೋರ್ಟಿನ ಎದುರಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕೋರ್ಟು 1905ರದ್ದು, ನೆತ್ತಿಯ ಮೇಲೆ ಗುಮ್ಮಟ. ಸುತ್ತಲಿನ ಇಟ್ಟಿಗೆಯ ಅಂಗಡಿ ಸಾಲು ನೋಡಿದರೆ ಯುದ್ಧಕ್ಕಿಂತ ಹಳೆಯದು ಅನ್ನಿಸುತ್ತದೆ, ಆದರೆ ಅಲ್ಲ. ಸೈನ್ಯ ಉಳಿಸಿ ಹೋದ ಪೇಟೆಯನ್ನು 1869ರ ಒಂದು ಬೆಂಕಿ ನುಂಗಿತು. ಅದಕ್ಕೆ ಚೆಂದ ಕಾಣಲಿಲ್ಲವೇನೋ.

ಹತ್ತಿ ಅನ್ನುತ್ತಲೇ ಅವ್ವನಿಗೆ ಅವಳ ಅಜ್ಜ ನೆನಪಾದ. ಗದಗಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಅವನ ಹಿರಿಯರ ಕಾಲದಲ್ಲಿ ಎಲ್ಲೋ ದೂರದ ಯುದ್ಧದಿಂದ ಹತ್ತಿಯ ರೇಟು ಏರಿ, ರೈತರು ಎತ್ತುಗಳಿಗೆ ಬೆಳ್ಳಿ ಕೋಡಣಸು ಹಾಕಿಸಿದ್ದರಂತೆ. ಬೆಳ್ಳಿಯ ಮಾತು ಎಷ್ಟು ನಿಜವೋ, ಯುದ್ಧ ಮಾತ್ರ ಇದೇ. 1861ರಿಂದ 65ರವರೆಗೆ ಇಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ಹೆಚ್ಚುಕಡಿಮೆ ನಿಂತಾಗ ಅಲ್ಲಿನ ಗಿರಣಿಗಳು ಮುಂಬೈ ಕಡೆ ತಿರುಗಿದವು, ಧಾರವಾಡ ಸೀಮೆಯ ಅರಳೆಗೆ ಬೆಲೆ ಬಂತು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಬ್ರಿಟಿಷರು ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡದ ಎರೆ ಹೊಲಕ್ಕೆ ತಂದಿದ್ದರು. ಕಲಿಸಲು ಅಮೆರಿಕದಿಂದ ಜನರನ್ನೂ ಕರೆಸಿದ್ದರು. ಆ ತಳಿಯ ಹೆಸರೇ ಧಾರವಾಡ್-ಅಮೆರಿಕನ್. ಯುದ್ಧ ಮುಗಿಯಿತು, ರೇಟು ಬಿತ್ತು. "ಆಮ್ಯಾಲೆ ಬೆಳ್ಳಿ ಎಲ್ಲಾ ಸಾಹುಕಾರ‍್ರ ಮನಿಗೆ ಹೋತು" ಅಂತ ಅವ್ವ ರೊಟ್ಟಿ ಮುರಿದಳು.

ಕೋರ್ಟಿನ ಪಕ್ಕದಲ್ಲೇ ಇನ್ನೊಂದು ಸಣ್ಣ ಮನೆಯಿತ್ತು. ಕಾರಿಗೆ ಹೋಗುವಾಗ ಸುಮ್ನೆ ಹೊಕ್ಕೆವು. ರೋಸ್ ಕಾಟೇಜ್. ಇದನ್ನು ಬೇರೆ ಕಡೆಯಿಂದ ಎತ್ತಿ ತಂದು ಇಲ್ಲಿ ಕೂರಿಸಿದ್ದಾರೆ. 1891ರಲ್ಲಿ ಕಟ್ಟಿಸಿದವಳು ಆಡಲೀನ್ ರೋಸ್. ಗುಲಾಮಳಾಗಿ ಹುಟ್ಟಿದವಳು. ಊರಿನವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ದುಡ್ಡು ಕೂಡಿಸಿ ಮನೆ ಕಟ್ಟಿಸಿದಳು. ಒಂದು ಗಂಟು ಬಟ್ಟೆಗೆ 50 ಸೆಂಟ್. ಹಾರ್ಡಿ ಹೌಸ್ ಎಂಬ ವಸತಿಗೃಹದ ಬಟ್ಟೆಯೂ ಅವಳ ಕೈಗೇ ಬರುತ್ತಿತ್ತು. ಅದನ್ನು ನಡೆಸುತ್ತಿದ್ದವಳು ನಮ್ಮ ಲಾರೆಲ್-ಹಾರ್ಡಿ ಜೋಡಿಯ ದಪ್ಪ ಹಾರ್ಡಿಯ ತಾಯಿ. ಪುಟ್ಟ ಹಾರ್ಡಿಯ ಚಡ್ಡಿಯನ್ನೂ ಆಡಲೀನಳೇ ಒಗೆದಿರಬಹುದು, ಅಲ್ವಾ?

ಅವ್ವ ಆ ದೊಡ್ಡ ಮನೆಯಲ್ಲಿ ಹತ್ತು ನಿಮಿಷ ನಿಂತಿರಲಿಲ್ಲ. ಇಲ್ಲಿ ಹೊರಡುವ ಮಾತೇ ಇಲ್ಲ. ಬಾಗಿಲ ಚೌಕಟ್ಟನ್ನು ಅಂಗೈಯಿಂದ ಸವರಿದಳು. ಮೂಲೆಯಲ್ಲಿ ಬಗ್ಗಿ ಹಲಗೆಯ ಜೋಡಣೆ ನೋಡಿದಳು. "ನಮ್ಮ ಓಣ್ಯಾಗ ಅಗಸರ ನಿಂಗವ್ವ ಇದ್ಲು. ದಿನಾ ಸಂಜಿಗೆ ಬಂದು ಎರಡು ರೊಟ್ಟಿ ಒಯ್ಯತಿದ್ಲು, ಸುಗ್ಗಿಗೆ ಜ್ವಾಳ. ಆಕಿ ಕೈಯಾಗ ರೊಕ್ಕ ಯಾರೂ ಇಡಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾವೂ ಇಡಲಿಲ್ಲ."

ವಾಪಸ್ ಬರುವಾಗ ಕಾರಿನಲ್ಲಿ ಲೆಕ್ಕ ಶುರುವಾಯಿತು.

"ಆ ಮನಿಗೆ ಇನ್ನೂರು ಡಾಲರ್ ಬಿದ್ದಿತ್ತು ಅಂತ ಹಿಡಿ. ಎಷ್ಟು ಗಂಟು ಆತು?"

"ನಾನೂರು."

"ಹೊಟ್ಟಿಗೆ ಬ್ಯಾಡೇನು? ಸಬಕಾರ, ಇದ್ದಲಿ, ಎಲ್ಲಾ ಆಕಿದs. ಅರ್ಧ ಅಲ್ಲೇ ಹೋತು. ಎಂಟನೂರು ಹಿಡಿ. ಮಳಿಗಾಲದಾಗ ಬಟ್ಟಿ ಒಣಗಂಗಿಲ್ಲ, ಅದನ್ನ ತಗಿ."

ಕೋವಿಂಗ್ಟನ್ ದಾಟುವ ಹೊತ್ತಿಗೆ ಸಾವಿರದ ಇನ್ನೂರು ಗಂಟು ಆಗಿತ್ತು. ಅವ್ವ ಇನ್ನೂ ಬೆರಳು ಮಡಚುತ್ತಲೇ ಇದ್ದಳು.